ಫೋನಿನಲ್ಲಿ ಕೊಳ್ಳುವ ಮಾಲು ಮತ್ತು ಬಿಲ್ಲಿನ ತೆರಿಗೆ

ನಮ್ಮ ವಲಯದ ಒಂದು ಹಳ್ಳಿಯಲ್ಲಿ ಈಚೆಗೆ ನಡೆದ ಸಂಗತಿಯೊಂದನ್ನು ರೈತ ಬಾಂಧವರಿಗೆ ತಿಳಿಸಬೇಕಾಗಿದೆ. ಎರಡು ಎಕರೆ ಮುಸುಕಿನ ಜೋಳ, ಒಂದು ಎಕರೆ ಅಡಿಕೆ ತೋಟ, ಎರಡು ಕರೆಯುವ ಹಸು ಇಟ್ಟುಕೊಂಡಿರುವ ರೈತರೊಬ್ಬರು ಕಳೆ ತೆಗೆಯುವ ಯಂತ್ರವನ್ನು, ಅಂದರೆ ಪವರ್ ವೀಡರನ್ನು, ಫೋನಿನ ಮೂಲಕ ತರಿಸಲು ಹೋಗಿ 23,899 ರೂಪಾಯಿ ಕಳೆದುಕೊಂಡರು. ಅದು ಡೈರಿಯ ಹಾಲಿನ ಹಣ. ಮಗಳ ಕಾಲೇಜು ಶುಲ್ಕಕ್ಕೆಂದು ತೆಗೆದಿರಿಸಿದ್ದುದು. ಯಂತ್ರ ಇಂದಿಗೂ ಬಂದಿಲ್ಲ, ಇನ್ನು ಬರುವುದೂ ಇಲ್ಲ. "ಬರೆಯಿರಿ ಸಾರ್, ಇನ್ನೊಬ್ಬರಿಗಾದರೂ ಗೊತ್ತಾಗಲಿ. ನನ್ನ ಹೆಸರು ಮಾತ್ರ ಹಾಕಬೇಡಿ" ಎಂದು ಅವರೇ ಹೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಅವರು ಓದುಬರಹ ಬಲ್ಲವರು, ವ್ಯವಹಾರದಲ್ಲಿ ಜಾಗರೂಕರು. ಸಂತೆಯಲ್ಲಿ ಎತ್ತಿನ ಹಲ್ಲು ನೋಡದೆ ಒಂದು ಕಾಸು ಬಿಚ್ಚುವವರಲ್ಲ. ಹಾಗಿದ್ದೂ ಮೋಸ ಹೋದದ್ದು ಹೇಗೆಂದರೆ, ಐದು ಕಂತಿನಲ್ಲಿ ಸ್ವಲ್ಪ ಸ್ವಲ್ಪವಾಗಿ.

ಅಂಗಡಿಯಲ್ಲಿ ಐವತ್ತು ಸಾವಿರದ ಆಸುಪಾಸಿನಲ್ಲಿರುವ ಯಂತ್ರ ಫೋನಿನ ಜಾಹೀರಾತಿನಲ್ಲಿ 14,999 ರೂಪಾಯಿಗೆ ಕಂಡಿತು. "ರೈತರಿಗೆ ಮಾತ್ರ, ಇಂದೇ ಕಡೆಯ ದಿನ" ಎಂದು ಬರೆದು, ಮೇಲೆ ಸರ್ಕಾರದ ಲಾಂಛನವನ್ನೂ ಅಂಟಿಸಿದ್ದರು. ಕೆಳಗೆ ಯಂತ್ರ ಪಡೆದು ಸಂತೋಷಪಟ್ಟವರ ಮಾತುಗಳು ಸಾಲುಸಾಲಾಗಿ ಇದ್ದವು. ಮೊದಲು 999 ರೂಪಾಯಿ ಮುಂಗಡ ಕೇಳಿದರು, ಕಳಿಸಿದರು. ಮರುದಿನ ಯಂತ್ರವನ್ನು ಪೆಟ್ಟಿಗೆಗೆ ಹಾಕುತ್ತಿರುವ ಫೋಟೋ ಬಂದಿತು. ಬಾಕಿ 14,000 ಹೋಯಿತು. ಮೂರನೆಯ ದಿನ "ಮಾಲು ಹೊರಟಿದೆ, ಜಿ.ಎಸ್.ಟಿ. ನೂರಕ್ಕೆ 18ರಂತೆ 2,700 ಕಟ್ಟಬೇಕು" ಎಂದರು, ಜೊತೆಗೆ ಮುದ್ರೆ ಒತ್ತಿದ ಬಿಲ್ಲನ್ನೂ ಕಳಿಸಿದರು. ಆಮೇಲೆ ಲಾರಿ ವಿಮೆ 4,000, ಅದನ್ನು ಮಾಲು ತಲುಪಿದ ಮೇಲೆ ವಾಪಸು ಕೊಡುತ್ತಾರಂತೆ. ಕಡೆಗೆ, ಲಾರಿಯನ್ನು ಗಡಿಯಲ್ಲಿ ನಿಲ್ಲಿಸಿದ್ದಾರೆ, ಇ-ವೇ ಬಿಲ್ಲಿಗೆ 2,200 ಬೇಕು ಎಂದರು. ಅದನ್ನೂ ಕಳಿಸಿ, ಆರನೆಯ ಬೇಡಿಕೆ ಬಂದಾಗ ಅನುಮಾನಗೊಂಡು ನನ್ನ ಬಳಿಗೆ ಬಂದರು.

"ಮೂರನೆಯ ಸಲ ಕೇಳಿದಾಗಲಾದರೂ ಅನುಮಾನ ಬರಲಿಲ್ಲವೇ ಯಜಮಾನರೇ?" ಎಂದು ಕೇಳಿದೆ.

"ಬರಲಿಲ್ಲ ಸಾರ್. ತೆರಿಗೆ ಅಂದ ಮೇಲೆ ಸರ್ಕಾರದ್ದಲ್ಲವೇ? ಕಟ್ಟದೆ ಇರೋಕಾಗುತ್ತದಾ ಅಂದುಕೊಂಡೆ. ತೆರಿಗೆ ಕೇಳಿದ್ದರಿಂದಲೇ ಇವರು ನಿಜವಾದ ಕಂಪನಿಯವರು ಅಂತ ನಂಬಿಕೆ ಬಂತು."

ಈ ಕಡೆಯ ಮಾತು ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ತೆರಿಗೆಯ ಹೆಸರು ಕೇಳಿದೊಡನೆ ನಾವು ಮರುಪ್ರಶ್ನೆ ಹಾಕುವುದಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಫಲವಿಲ್ಲವೆಂದು ಹಿರಿಯರ ಕಾಲದಿಂದ ಕೇಳಿ ರೂಢಿಯಾಗಿದೆ. ಮೋಸಗಾರರು ಹಿಡಿದಿರುವುದು ಇದೇ ರೂಢಿಯನ್ನು. ಆದರೆ ತೆರಿಗೆಯ ಲೆಕ್ಕ ಸ್ವಲ್ಪ ತಿಳಿದಿದ್ದರೆ ಅದೇ ಲೆಕ್ಕದಿಂದ ಮೋಸಗಾರನನ್ನು ಹಿಡಿಯಬಹುದು. ಆದುದರಿಂದ ಆ ಲೆಕ್ಕವನ್ನು ಮೊದಲು ನೋಡೋಣ.

ತೆರಿಗೆ ಎಲ್ಲಿ ಇರುತ್ತದೆ?

ಮಾರಾಟ ತೆರಿಗೆ ನಮಗೆ ಹೊಸದಲ್ಲ. ನಮ್ಮ ರಾಜ್ಯದ ಮಾರಾಟ ತೆರಿಗೆ ಕಾನೂನು 1957ರದು. 2005ರ ಏಪ್ರಿಲ್ 1ರಿಂದ ಅದರ ಸ್ಥಾನಕ್ಕೆ ವ್ಯಾಟ್ ಬಂದಿತು. 2017ರ ಜುಲೈ 1ರಿಂದ ಇಡೀ ದೇಶಕ್ಕೆ ಸರಕು ಮತ್ತು ಸೇವಾ ತೆರಿಗೆ, ಅಂದರೆ ಜಿ.ಎಸ್.ಟಿ., ಬಂದಿತು. ಅಂತರಜಾಲದಲ್ಲಿ ಕೊಂಡ ಮಾಲಿಗೆ ಬೇರೆ ತೆರಿಗೆ ಎಂಬುದು ಇಲ್ಲ. ಪೇಟೆಯ ಅಂಗಡಿಯಲ್ಲಿ ಕೊಂಡರೆ ಎಷ್ಟೋ ಫೋನಿನಲ್ಲಿ ಕೊಂಡರೂ ಅಷ್ಟೇ. ತೆರಿಗೆಯನ್ನು ಸರ್ಕಾರಕ್ಕೆ ಕಟ್ಟುವ ಹೊಣೆ ಮಾರುವವನದು. ಕೊಳ್ಳುವವನು ಅದನ್ನು ಬೆಲೆಯ ಜೊತೆಯಲ್ಲೇ ಕೊಟ್ಟಿರುತ್ತಾನೆ. ದೊಡ್ಡ ಅಂತರಜಾಲ ಮಾರುಕಟ್ಟೆಗಳು ಮಾರಾಟಗಾರನಿಗೆ ಸಲ್ಲುವ ಹಣದಲ್ಲಿ ನೂರಕ್ಕೆ ಅರ್ಧ ರೂಪಾಯಿಯಂತೆ ಹಿಡಿದು ಸರ್ಕಾರಕ್ಕೆ ಕಟ್ಟುತ್ತವೆ (2024ರ ಜುಲೈ 10ಕ್ಕೆ ಮೊದಲು ಅದು ಒಂದು ರೂಪಾಯಿ ಇತ್ತು). ಅದು ಅವರವರ ನಡುವಿನ ಲೆಕ್ಕ. ನಮ್ಮಿಂದ ಕೇಳತಕ್ಕದ್ದಲ್ಲ.

ಪೊಟ್ಟಣದ ಮೇಲೆ ಎಂ.ಆರ್.ಪಿ. ಎಂದು ಮುದ್ರಿಸಿರುವ ಬೆಲೆಯಲ್ಲಿ ಎಲ್ಲಾ ತೆರಿಗೆಗಳೂ ಸೇರಿರುತ್ತವೆ. ಹಾಗೆ ಸೇರಿಸಿಯೇ ಮುದ್ರಿಸಬೇಕೆಂದು ನಿಯಮವಿದೆ. ಆ ಬೆಲೆಯ ಮೇಲೆ "ಜಿ.ಎಸ್.ಟಿ. ಬೇರೆ" ಎಂದು ಯಾರಾದರೂ ಕೇಳಿದರೆ, ಅವನು ಪೇಟೆಯ ಅಂಗಡಿಯವನಾಗಲಿ ಫೋನಿನವನಾಗಲಿ, ಕೊಡಬೇಕಾದುದಿಲ್ಲ. ಯಂತ್ರಗಳ ವಿಷಯದಲ್ಲಿ ಕೆಲವು ವ್ಯಾಪಾರಿಗಳು ದರಪಟ್ಟಿಯಲ್ಲಿ ತೆರಿಗೆಯನ್ನು ಬೇರೆಯಾಗಿ ತೋರಿಸುವುದುಂಟು. ಆಗ ಹಣ ಕೊಡುವ ಮೊದಲೇ "ಎಲ್ಲಾ ಸೇರಿ ಎಷ್ಟು?" ಎಂದು ಕೇಳಿ ಬರೆಸಿಕೊಳ್ಳಬೇಕು. ಒಟ್ಟು 52,500 ಎಂದರೆ ಅದರಲ್ಲಿ ಯಂತ್ರದ ಬೆಲೆ 50,000, ತೆರಿಗೆ ನೂರಕ್ಕೆ 5ರಂತೆ 2,500. ಎರಡೂ ಒಂದೇ ಬಿಲ್ಲಿನಲ್ಲಿ, ಒಂದೇ ಸಲ. ತೆರಿಗೆಯನ್ನು ಹಿಂದೆ ಬಿಟ್ಟು ಬಂದು ದಾರಿಯಲ್ಲಿ ಜ್ಞಾಪಿಸಿಕೊಂಡು ಕೇಳುವ ಪ್ರಾಮಾಣಿಕ ವ್ಯಾಪಾರಿ ಇಲ್ಲ.

ದರಗಳನ್ನೂ ಸ್ವಲ್ಪ ಗೊತ್ತುಮಾಡಿಕೊಂಡಿರಬೇಕು. ಬಿತ್ತನೆ ಬೀಜಕ್ಕೆ ತೆರಿಗೆಯೇ ಇಲ್ಲ. ಗುದ್ದಲಿ, ಕುಡುಗೋಲಿನಂತಹ ಕೈಯಿಂದ ನಡೆಸುವ ವ್ಯವಸಾಯದ ಹತಾರಗಳಿಗೂ ಇಲ್ಲ. ರಾಸಾಯನಿಕ ಗೊಬ್ಬರಕ್ಕೆ ನೂರಕ್ಕೆ 5. ಟ್ರ್ಯಾಕ್ಟರು, ಉಳುವ ಮತ್ತು ಕಳೆ ತೆಗೆಯುವ ಯಂತ್ರ, ಒಕ್ಕಣೆ ಯಂತ್ರ, ಹನಿ ನೀರಾವರಿ ಸಾಮಗ್ರಿ ಇವುಗಳಿಗೆ ಹಿಂದೆ 12 ಇದ್ದುದನ್ನು 2025ರ ಸೆಪ್ಟೆಂಬರ್ 22ರಿಂದ 5ಕ್ಕೆ ಇಳಿಸಿದ್ದಾರೆ. ರಾಸಾಯನಿಕ ಕೀಟನಾಶಕಕ್ಕೆ 18, ಮೊಬೈಲ್ ಫೋನಿಗೂ 18. ನಮ್ಮ ರೈತರಿಂದ ಕಳೆ ಯಂತ್ರಕ್ಕೆ 18 ಕೇಳಿದ್ದೇ ಸುಳ್ಳು ಲೆಕ್ಕವಾಗಿತ್ತು. ಬಿತ್ತನೆ ಬೀಜಕ್ಕೆ ಜಿ.ಎಸ್.ಟಿ. ಸೇರಿಸಿ ಹಣ ಕೇಳುವವನ ಫೋನನ್ನು ಅಲ್ಲಿಗೇ ಇಟ್ಟುಬಿಡಬಹುದು.

ಇನ್ನು ಆ ಇ-ವೇ ಬಿಲ್ಲು. ಮಾಲು ಸಾಗಿಸುವಾಗ ಲಾರಿಯಲ್ಲಿ ಇರಬೇಕಾದ ಈ ಚೀಟಿ 2018ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ರಾಜ್ಯದೊಳಗಿನ ಸಾಗಾಣಿಕೆಗೂ ಅದೇ ದಿನದಿಂದ ಅದನ್ನು ಜಾರಿಗೆ ತಂದುದು ನಮ್ಮ ಕರ್ನಾಟಕ. ಸಾಮಾನ್ಯವಾಗಿ 50,000 ರೂಪಾಯಿಗೆ ಮೀರಿದ ಮಾಲಿಗೆ ಮಾತ್ರ ಅದು ಬೇಕು. 14,999 ರೂಪಾಯಿಯ ಯಂತ್ರಕ್ಕೆ ಅದರ ಅಗತ್ಯವೇ ಇರಲಿಲ್ಲ. ಮಿಗಿಲಾಗಿ ಅದನ್ನು ಪಡೆಯಲು ಸರ್ಕಾರಕ್ಕೆ ಒಂದು ಪೈಸೆಯನ್ನೂ ಕಟ್ಟಬೇಕಾಗಿಲ್ಲ. ವ್ಯಾಪಾರಿ ಅಥವಾ ಲಾರಿಯವನು ಅಂತರಜಾಲದಲ್ಲಿ ತಾನೇ ತೆಗೆಯುತ್ತಾನೆ. ಇದನ್ನು ಕೇಳಿ ಆ ರೈತರು ತಲೆಯ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕುಳಿತರು.

ಹದಿನೈದು ಅಕ್ಷರದ ಗುರುತು

ಅವರು ತೋರಿಸಿದ ಬಿಲ್ಲನ್ನು ನಾವಿಬ್ಬರೂ ಕುಳಿತು ನೋಡಿದೆವು. ನೋಡಲು ಬಹಳ ಅಚ್ಚುಕಟ್ಟಾಗಿತ್ತು. ಆದರೆ ಅದರಲ್ಲಿದ್ದ ಜಿ.ಎಸ್.ಟಿ. ಸಂಖ್ಯೆಯೇ ಮೋಸವನ್ನು ಹೇಳಿಬಿಟ್ಟಿತು.

ನೋಂದಾಯಿತ ವ್ಯಾಪಾರಿಗೆ ಅಂಕಿಯೂ ಇಂಗ್ಲಿಷ್ ಅಕ್ಷರವೂ ಸೇರಿ ಹದಿನೈದು ಸ್ಥಾನಗಳ ಒಂದು ಸಂಖ್ಯೆ ಇರುತ್ತದೆ. ಮೊದಲ ಎರಡು ಅಂಕಿ ರಾಜ್ಯದ್ದು: ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27, ತಮಿಳುನಾಡಿಗೆ 33, ದೆಹಲಿಗೆ 07, ರಾಜಸ್ಥಾನಕ್ಕೆ 08. ಮುಂದಿನ ಹತ್ತು ಸ್ಥಾನ ವ್ಯಾಪಾರಿಯ ಪ್ಯಾನ್ ಸಂಖ್ಯೆ. ಉಳಿದ ಮೂರು ಲೆಕ್ಕದ ಗುರುತುಗಳು. ನಮ್ಮ ರೈತರಿಗೆ ಬಂದ ಬಿಲ್ಲಿನಲ್ಲಿ ವಿಳಾಸ ಹುಬ್ಬಳ್ಳಿ ಎಂದಿತ್ತು, ಸಂಖ್ಯೆ 08ರಿಂದ ಪ್ರಾರಂಭವಾಗಿತ್ತು. ತೆರಿಗೆಯನ್ನು ಸಿ.ಜಿ.ಎಸ್.ಟಿ. 9, ಎಸ್.ಜಿ.ಎಸ್.ಟಿ. 9 ಎಂದು ಎರಡು ಪಾಲು ಮಾಡಿ ತೋರಿಸಿದ್ದರು. ಮಾರುವವನೂ ಮಾಲು ತಲುಪುವ ಸ್ಥಳವೂ ಒಂದೇ ರಾಜ್ಯದಲ್ಲಿದ್ದರೆ ಮಾತ್ರ ಹೀಗೆ ಎರಡು ಪಾಲು, ಒಂದು ಕೇಂದ್ರಕ್ಕೆ, ಒಂದು ರಾಜ್ಯಕ್ಕೆ. ರಾಜಸ್ಥಾನದ ವ್ಯಾಪಾರಿ ಕರ್ನಾಟಕಕ್ಕೆ ಕಳಿಸಿದರೆ ಐ.ಜಿ.ಎಸ್.ಟಿ. ಎಂದು ಒಂದೇ ಸಾಲು ಇರಬೇಕು. ಒಟ್ಟು ಮೊತ್ತ ಎರಡು ರೀತಿಯಲ್ಲೂ ಒಂದೇ, ನಮಗೆ ಲಾಭನಷ್ಟವಿಲ್ಲ. ಆದರೆ ಬಿಲ್ಲು ಬರೆದವನಿಗೆ ವ್ಯಾಪಾರ ಗೊತ್ತಿಲ್ಲವೆಂಬುದು ಅಲ್ಲೇ ತಿಳಿಯಿತು.

ಸರ್ಕಾರದ ಜಿ.ಎಸ್.ಟಿ. ಜಾಲತಾಣದಲ್ಲಿ ತೆರಿಗೆದಾರರನ್ನು ಹುಡುಕುವ ಒಂದು ಪುಟವಿದೆ. ಯಾರು ಬೇಕಾದರೂ ಸಂಖ್ಯೆಯನ್ನು ಹಾಕಿ ನೋಡಬಹುದು, ಶುಲ್ಕವಿಲ್ಲ. ವ್ಯಾಪಾರಿಯ ಹೆಸರು, ಅಂಗಡಿಯ ಹೆಸರು, ನೋಂದಣಿ ಜೀವಂತವಾಗಿದೆಯೋ ರದ್ದಾಗಿದೆಯೋ ಎಂಬುದು ಬರುತ್ತದೆ. ನಾವು ಹಾಕಿದೆವು. ಬಂದದ್ದು ಒಂದು ಬಟ್ಟೆ ಅಂಗಡಿಯ ಹೆಸರು! ಯಾರೋ ಬಟ್ಟೆ ವ್ಯಾಪಾರಿಯ ಸಂಖ್ಯೆಯನ್ನು ಕದ್ದು ಯಂತ್ರದ ಬಿಲ್ಲಿಗೆ ಅಂಟಿಸಿದ್ದರು. ಆ ಬಡಪಾಯಿ ವ್ಯಾಪಾರಿಗೆ ಇದರ ಸುದ್ದಿಯೇ ಇರಲಾರದು. ಆದುದರಿಂದ ಸಂಖ್ಯೆ ಇದ್ದ ಮಾತ್ರಕ್ಕೆ ನಂಬತಕ್ಕದ್ದಲ್ಲ. ಸಂಖ್ಯೆಯ ಹೆಸರು, ಬಿಲ್ಲಿನ ಹೆಸರು, ನಾವು ಹಣ ಹಾಕುವ ಖಾತೆಯ ಹೆಸರು ಈ ಮೂರೂ ಹೊಂದಬೇಕು. ಯು.ಪಿ.ಐ.ಯಲ್ಲಿ ಹಣ ಕಳಿಸುವ ಮೊದಲು ಪಡೆಯುವವನ ಹೆಸರು ಪರದೆಯ ಮೇಲೆ ಬರುತ್ತದೆ. ನಮ್ಮವರ ಐದು ಕಂತುಗಳೂ ಮೂವರು ಬೇರೆ ಬೇರೆ ವ್ಯಕ್ತಿಗಳ ಹೆಸರಿಗೆ ಹೋಗಿದ್ದವು, ಕಂಪನಿಯ ಹೆಸರು ಒಂದು ಸಲವೂ ಬಂದಿರಲಿಲ್ಲ.

ಇದನ್ನೆಲ್ಲ ನೋಡಲು ಐದು ನಿಮಿಷ ಹಿಡಿಯಿತು. ಮುಂಗಡ ಕೊಡುವ ಮೊದಲೇ ಬಿಲ್ಲಿನ ನಮೂನೆ ಕೇಳಿ ಈ ಐದು ನಿಮಿಷ ಕಳೆದಿದ್ದರೆ ಹಾಲಿನ ದುಡ್ಡು ಉಳಿಯುತ್ತಿತ್ತು.

ನಮ್ಮ ಕಡೆಯಿಂದಲೂ ಒಂದು ತಪ್ಪಿದೆ, ಅದನ್ನು ಹೇಳದೆ ಬಿಡಲಾಗದು. "ಬಿಲ್ಲು ಬೇಡವೆಂದರೆ ತೆರಿಗೆ ಉಳಿಯುತ್ತದೆ" ಎಂದು ಅಂಗಡಿಯವನು ಹೇಳಿದರೆ ನಾವು ಸಂತೋಷದಿಂದ ಬರಿಗೈಲಿ ಮಾಲು ತರುತ್ತೇವೆ. ಬೀಜ ಮೊಳೆಯಲಿಲ್ಲ, ಔಷಧಿಗೆ ಹುಳು ಸಾಯಲಿಲ್ಲ ಎಂದು ಆಮೇಲೆ ನನ್ನ ಬಳಿಗೆ ಬಂದರೆ ನಾನು ಕೇಳುವ ಮೊದಲ ಪ್ರಶ್ನೆ ಬಿಲ್ಲೆಲ್ಲಿ, ಲಾಟ್ ನಂಬರೆಲ್ಲಿ ಎಂಬುದು. ಅದಿಲ್ಲದೆ ಇಲಾಖೆಗೂ ದೂರು ಕೊಡಲಾಗದು, ಗ್ರಾಹಕ ಆಯೋಗಕ್ಕೂ ಹೋಗಲಾಗದು. 200 ರೂಪಾಯಿ ಮತ್ತು ಅದಕ್ಕೆ ಮೀರಿದ ಮಾಲಿಗೆ ನೋಂದಾಯಿತ ವ್ಯಾಪಾರಿ ನಾವು ಕೇಳದಿದ್ದರೂ ಬಿಲ್ಲು ಕೊಡಬೇಕು, ಅದಕ್ಕಿಂತ ಕಡಿಮೆಯದಕ್ಕೆ ಕೇಳಿದರೆ ಕೊಡಬೇಕು. ಬಿಲ್ಲಿಲ್ಲದ ವ್ಯಾಪಾರಕ್ಕೆ ರೂಢಿಯಾದ ಕೈಗೆ ಸುಳ್ಳು ಬಿಲ್ಲು ಬಂದಾಗ ಗುರುತು ಸಿಗುವುದು ಹೇಗೆ?

ಇತರ ಬಲೆಗಳು

ನಾನೂ ಒಮ್ಮೆ ಬಿದ್ದವನೇ. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ತರಿಸಿದ ಬೂಟು ಅಳತೆಗೆ ಸರಿಬರಲಿಲ್ಲ. ವಾಪಸು ಮಾಡಲು ಆ ಕಂಪನಿಯ ಫೋನ್ ನಂಬರನ್ನು ಅಂತರಜಾಲದಲ್ಲಿ ಹುಡುಕಿದೆ. ಮೊದಲು ಕಂಡ ನಂಬರಿಗೆ ಮಾತಾಡಿದೆ. ಬಹಳ ವಿನಯದಿಂದ ಮಾತಾಡಿದ ಮನುಷ್ಯ ಒಂದು ಆ್ಯಪ್ ಹಾಕಿಕೊಳ್ಳಲು ಹೇಳಿದ, ಹಾಕಿಕೊಂಡೆ. ಅದು ನನ್ನ ಫೋನಿನ ಪರದೆಯನ್ನು ಅವನಿಗೆ ತೋರಿಸುವ ಆ್ಯಪ್ ಆಗಿತ್ತು. 3,000 ರೂಪಾಯಿ ಹೋಯಿತು, ಬೂಟು ಹಾಗೆಯೇ ಉಳಿಯಿತು. ನಂಬರು ಕಂಪನಿಯದಲ್ಲ, ಮೋಸಗಾರರು ಅಲ್ಲಿ ಹಾಕಿಟ್ಟದ್ದು. ಕೊಂಡ ಆ್ಯಪಿನೊಳಗೇ ಇರುವ ಸಹಾಯದ ಪುಟದಿಂದ ಮಾತ್ರ ನಂಬರು ತೆಗೆದುಕೊಳ್ಳಬೇಕೆಂದು ಅಂದಿನಿಂದ ಕಲಿತೆ. ಊರಿನವರಿಗೆ ಬುದ್ಧಿ ಹೇಳುವ ಕೆಲಸದವನಾದ್ದರಿಂದ ಇದನ್ನು ಬಹಳ ದಿನ ಯಾರಿಗೂ ಹೇಳಿರಲಿಲ್ಲ.

ಹಳೆಯ ಮೋಟಾರು, ಹಸು, ಬೈಕು ಮಾರಲು ಫೋನಿನಲ್ಲಿ ಹಾಕುವವರಿಗೆ ಬೇರೆ ಬಲೆ. ಕೊಳ್ಳುವವನು ತಾನು ಸೈನಿಕನೆಂದು ಹೇಳಿ, ಚೌಕಾಸಿ ಮಾಡದೆ ಒಪ್ಪಿ, "ಹಣ ಕಳಿಸಿದ್ದೇನೆ, ಈ ಕ್ಯೂ.ಆರ್. ಚಿತ್ರ ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಎನ್ನುತ್ತಾನೆ. ಹಣ ಬರುವುದಕ್ಕೆ ಪಿನ್ ಬೇಡ. ಪಿನ್ ಒತ್ತಿದರೆ ಹಣ ಹೋಗುತ್ತದೆ, ಬರುವುದಿಲ್ಲ. ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಯಿಂದ ಯು.ಪಿ.ಐ.ಯಲ್ಲಿ ಹಣ "ಕೇಳುವ" ಸೌಲಭ್ಯವನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ್ದಾರೆ, ಆದರೆ ಕ್ಯೂ.ಆರ್. ಚಿತ್ರದ ಮೋಸ ನಿಂತಿಲ್ಲ.

ಸೌರ ಪಂಪುಸೆಟ್ಟಿನ ಕುಸುಮ್ ಯೋಜನೆಯ ಹೆಸರಿನಲ್ಲಿ ಸುಳ್ಳು ಜಾಲತಾಣ ಮಾಡಿ ನೋಂದಣಿ ಶುಲ್ಕ ಕಿತ್ತುಕೊಳ್ಳುವವರ ಬಗ್ಗೆ ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯವೇ ಹಲವು ಸಲ ಎಚ್ಚರಿಕೆ ಕೊಟ್ಟಿದೆ. ಸಹಾಯಧನದ ಯಂತ್ರ ಬೇಕಾದರೆ ಹೋಗಬೇಕಾದದ್ದು ರೈತ ಸಂಪರ್ಕ ಕೇಂದ್ರಕ್ಕೆ. ಪಿ.ಎಂ. ಕಿಸಾನ್ ಹೆಸರಿನಲ್ಲಿ ವಾಟ್ಸ್‌ಆ್ಯಪಿಗೆ ಬರುವ ಎ.ಪಿ.ಕೆ. ಕಡತವನ್ನು ಒತ್ತಲೇಬಾರದು.

ಮಾಲು ಬಂದ ಮೇಲೆ ಹಣ ಕೊಡುವ ಪದ್ಧತಿ ಕ್ಷೇಮವೆಂದು ಅನೇಕರು ತಿಳಿದಿದ್ದಾರೆ. ಸ್ವಲ್ಪ ಮಟ್ಟಿಗೆ ನಿಜ. ಆದರೆ ಯಾರೂ ತರಿಸದ ಪೊಟ್ಟಣವನ್ನು ಮನೆಗೆ ತಂದು, ಗಂಡಸರಿಲ್ಲದ ವೇಳೆಯಲ್ಲಿ ಹೆಂಗಸರಿಂದಲೋ ವಯಸ್ಸಾದವರಿಂದಲೋ ಹಣ ಪಡೆದು ಹೋಗುವುದೂ ಉಂಟು. ತರಿಸಿದವರು ಯಾರೆಂದು ಮನೆಯವರನ್ನು ಕೇಳದೆ ಹಣ ಕೊಡಬಾರದು. ಬೆಲೆಬಾಳುವ ಮಾಲಾದರೆ ಪೆಟ್ಟಿಗೆ ಬಿಚ್ಚುವುದನ್ನು ಮೊದಲಿನಿಂದ ಕಡೆಯವರೆಗೆ ಮಕ್ಕಳ ಕೈಲಿ ಫೋನಿನಲ್ಲಿ ಚಿತ್ರ ತೆಗೆಸಬೇಕು. ಒಳಗೆ ಕಲ್ಲೋ ಸಾಬೂನೋ ಇದ್ದರೆ ಅದೇ ಸಾಕ್ಷಿ.

ಹಣ ಹೋದರೆ ಏನು ಮಾಡಬೇಕು?

ತಕ್ಷಣ 1930ಕ್ಕೆ ಫೋನ್ ಮಾಡಬೇಕು. ಇದು ಹಣಕಾಸಿನ ಸೈಬರ್ ಮೋಸಕ್ಕಾಗಿಯೇ ಇರುವ ಸಹಾಯವಾಣಿ. ಕಳಿಸಿದ ಸಮಯ, ಮೊತ್ತ, ವ್ಯವಹಾರದ ಸಂಖ್ಯೆ ಹೇಳಿದರೆ ಹಣ ಸೇರಿದ ಬ್ಯಾಂಕಿಗೆ ಸುದ್ದಿ ಹೋಗಿ, ಅದು ಇನ್ನೂ ಖಾತೆಯಲ್ಲಿದ್ದರೆ ತಡೆಹಿಡಿಯುತ್ತಾರೆ. ಮೋಸಗಾರರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗ ಬೇಗ ದಾಟಿಸುವುದರಿಂದ ಇಲ್ಲಿ ಗಂಟೆಗಳದೇ ಲೆಕ್ಕ. ನಾಚಿಕೆಯಿಂದ ಎರಡು ದಿನ ಸುಮ್ಮನಿದ್ದರೆ ಮುಗಿಯಿತು. ನಮ್ಮ ರೈತರ ವಿಷಯದಲ್ಲಿ ಅದೇ ದಿನ ಕಳಿಸಿದ್ದ ಕಡೆಯ 2,200 ಮಾತ್ರ ತಡೆಗೆ ಸಿಕ್ಕಿತು, ಹಿಂದಿನ 21,699 ಆಗಲೇ ಕೈ ದಾಟಿತ್ತು. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಎಂಬ ಜಾಲತಾಣದಲ್ಲಿಯೂ ದೂರು ಬರೆಯಬೇಕು, ಬ್ಯಾಂಕಿಗೂ ಬರವಣಿಗೆಯಲ್ಲಿ ತಿಳಿಸಬೇಕು. ಜಾಹೀರಾತು, ಸಂದೇಶ, ಸುಳ್ಳು ಬಿಲ್ಲು ಯಾವುದನ್ನೂ ಸಿಟ್ಟಿನಿಂದ ಅಳಿಸಬಾರದು.

ಮೋಸವಲ್ಲದೆ, ನಿಜವಾದ ಮಾರಾಟಗಾರನೇ ಕೆಟ್ಟ ಮಾಲು ಕಳಿಸಿ ವಾಪಸು ಪಡೆಯದಿದ್ದರೆ ದಾರಿ ಬೇರೆ. 2020ರ ಇ-ವಾಣಿಜ್ಯ ನಿಯಮಗಳಂತೆ ಅಂತರಜಾಲ ಮಾರುಕಟ್ಟೆಯವರು ದೂರು ಬಂದ 48 ಗಂಟೆಯೊಳಗೆ ಅದು ತಲುಪಿತೆಂದು ತಿಳಿಸಿ, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಮಾಡದಿದ್ದರೆ 1915, ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲಿಯೂ ಮಾತಾಡಬಹುದು. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಮಾರಿದವನು ಮುಂಬಯಿಯಲ್ಲಿದ್ದರೂ 2019ರ ಕಾನೂನಿನಂತೆ ನಾವು ವಾಸವಾಗಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಮಾಲಿಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಹಾಕಬೇಕು. ಬಿಲ್ಲು ಬೇಕು.

ಕಳೆಯ ಕೆಲಸ ನಿಲ್ಲುವಂತಿರಲಿಲ್ಲವಾದ್ದರಿಂದ ಆ ರೈತರು ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಿಂದ ಯಂತ್ರವನ್ನು ಬಾಡಿಗೆಗೆ ತಂದು ಜೋಳದ ಹೊಲ ಮುಗಿಸಿದರು. ಮಗಳ ಶುಲ್ಕವನ್ನು ಸಹಕಾರ ಸಂಘದಿಂದ ಸಾಲ ಪಡೆದು ಕಟ್ಟಿದ್ದಾರೆ. ಹೋದ ವಾರ ಪಕ್ಕದ ಮನೆಯವರು ತುಂತುರು ನೀರಾವರಿಯ ಪೈಪು ತರಿಸಬೇಕೆಂದಾಗ ಅವರ ಫೋನನ್ನು ಕಸಿದುಕೊಂಡು ಮೊದಲ ಎರಡು ಅಂಕಿ ಯಾವುದೆಂದು ಇವರೇ ನೋಡಿದರಂತೆ.

ಪ್ರತಿ ಸಂತೆಯ ದಿನ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ನಾನು ಗ್ರಾಮ ಪಂಚಾಯಿತಿ ಕಚೇರಿಯ ಜಗುಲಿಯಲ್ಲಿ ಇರುತ್ತೇನೆ. ಹಣ ಕಳಿಸುವ ಮೊದಲು ಬಿಲ್ಲಿನ ನಮೂನೆಯನ್ನೋ ಜಾಹೀರಾತನ್ನೋ ತಂದು ತೋರಿಸಿದರೆ ಜೊತೆಗೆ ಕುಳಿತು ನೋಡೋಣ. ಫೋನಿನಲ್ಲಿ ಚಾರ್ಜ್ ಇಟ್ಟುಕೊಂಡು ಬನ್ನಿ, ಜಗುಲಿಯಲ್ಲಿ ಪ್ಲಗ್ ಇಲ್ಲ.